ಅಪ್‌ಡೇಟ್: ಸಮ್ಮಿಕ್ರಾನ್ 50 ಎಂಎಂ, ಕೊನೆಗೆ ಸ್ಕ್ರೂ ಮೌಂಟ್

ಮಡಚಬಹುದಾದ ಹಳೆಯ ಲೈಕಾ ಸಮ್ಮಿಕ್ರಾನ್ 50 ಎಂಎಂ ಎಫ್/2 ಲೆನ್ಸನ್ನು ಸ್ಕ್ರೂ ಮೌಂಟ್‌ನಲ್ಲಿ (ತಿರುಪಿನಂತೆ ಸುತ್ತಿ ಕೂರಿಸುವ ಜೋಡಣೆ) ಕೊಳ್ಳಬೇಕೇ, ಬೇಯೊನೆಟ್ ಮೌಂಟ್‌ನಲ್ಲಿ (ಸ್ವಲ್ಪ ತಿರುಗಿಸಿದರೆ ಸಿಕ್ಕಿಕೊಳ್ಳುವ ಜೋಡಣೆ) ಕೊಳ್ಳಬೇಕೇ ಎಂದು ನಾನು ಕೇಳಿದ್ದೆ. ನನ್ನ ಬಳಿ ಬೇಯೊನೆಟ್ ಮೌಂಟಿನ ಲೈಕಾ ಎಂ3 ಮತ್ತು ಅದಕ್ಕಿಂತ ಹಳೆಯ ಸ್ಕ್ರೂ ಮಾದರಿಯ ಕ್ಯಾಮೆರಾ ಎರಡೂ ಇರುವುದರಿಂದ ಸ್ಕ್ರೂ ಮೌಂಟನ್ನೇ ಆರಿಸಿಕೊಂಡೆ.

ನಿರ್ಧಾರಕ್ಕೆ ಮುಖ್ಯ ಕಾರಣ ಅಳತೆಯದು. ಲೆನ್ಸಿನ ಮೌಂಟ್‌ನಿಂದ ಫಿಲ್ಮ್‌ಗೆ ಇರುವ ಅಂತರ ಸ್ಕ್ರೂ ಕ್ಯಾಮೆರಾದಲ್ಲಿ 28.8 ಮಿ.ಮೀ., 1954ರಲ್ಲಿ ಎಂ3ಯೊಂದಿಗೆ ಬಂದ ಬೇಯೊನೆಟ್‌ನಲ್ಲಿ 27.8 ಮಿ.ಮೀ.; ಈ ಒಂದು ಮಿಲಿಮೀಟರ್ ವ್ಯತ್ಯಾಸದಲ್ಲಿಯೇ ತೆಳುವಾದ ಅಡಾಪ್ಟರ್ ಉಂಗುರ ಕೂರುವುದರಿಂದ, ಸ್ಕ್ರೂ ಲೆನ್ಸು ಎರಡೂ ಕ್ಯಾಮೆರಾಗಳಲ್ಲಿ ರೇಂಜ್‌ಫೈಂಡರ್ (ಫೋಕಸ್‌ಗಾಗಿ ದೂರ ಅಳೆಯುವ ವ್ಯವಸ್ಥೆ) ಸಹಿತ ಕೆಲಸ ಮಾಡುತ್ತದೆ. ಬೇಯೊನೆಟ್ ಲೆನ್ಸನ್ನು ಸ್ಕ್ರೂ ಕ್ಯಾಮೆರಾಕ್ಕೆ ಹಾಗೆ ಜೋಡಿಸಲು ಆಗುವುದಿಲ್ಲ.

ಅಡಾಪ್ಟರ್ ವಿಷಯದಲ್ಲಿ ಒಮ್ಮೆ ತಪ್ಪು ಮಾಡಿದೆ. ಎಂ3ಯ ವ್ಯೂಫೈಂಡರಿನಲ್ಲಿ ಯಾವ ಲೆನ್ಸಿನ ಚೌಕಟ್ಟು ಮೂಡಬೇಕೆಂಬುದು ಈ ಉಂಗುರದ ಮೇಲೆ ನಿಂತಿದೆ; ನಾನು ಮೊದಲು ತರಿಸಿದ್ದು 90 ಎಂಎಂ ಲೆನ್ಸಿಗೆ ಹೊಂದುವಂಥದ್ದಾಗಿತ್ತು. ಅದನ್ನು ಹಾಕಿದಾಗ ವ್ಯೂಫೈಂಡರಿನಲ್ಲಿ 50ರ ಚೌಕಟ್ಟಿನ ಒಳಗೆ 90ರ ಚೌಕಟ್ಟೂ ಮೂಡಿ, ದೃಶ್ಯವನ್ನು ಹೊಂದಿಸುವಾಗ ಕಣ್ಣಿಗೆ ಅಡ್ಡಿಯಾಗುತ್ತಿತ್ತು. ಈಗ 50 ಎಂಎಂಗೆ ತಕ್ಕ ಉಂಗುರವಿದೆ, ದೂರದ ಗೋಪುರವೊಂದರ ಮೇಲೆ ಅನಂತ ಫೋಕಸ್ ಸರಿಯಿದೆಯೆಂದು ಪರೀಕ್ಷಿಸಿಯೂ ಆಗಿದೆ.

ಕೈಗೆ ಬಂದ ಪ್ರತಿಗಳನ್ನು ನೋಡಿದ ಮೇಲೆ, ಮೌಂಟ್‌ಗಿಂತ ಗಾಜಿನ ಸ್ಥಿತಿಯೇ ದೊಡ್ಡ ಪ್ರಶ್ನೆ ಎಂದು ನನಗೆ ಮನವರಿಕೆಯಾಯಿತು. ಈ ಲೆನ್ಸಿನ ಮುಂಭಾಗದ ಲೇಪನ ಬಹಳ ಮೃದು. ಒರೆಸಿ ಒರೆಸಿ ಸೂಕ್ಷ್ಮ ಗೀರುಗಳಾದ ಒಂದು ಬೇಯೊನೆಟ್ ಪ್ರತಿಯನ್ನೂ, ಟಾರ್ಚ್ ಬೆಳಕಿನಲ್ಲಿ ಒಳಗೆ ಮಸುಕು ಕಂಡ ಮತ್ತೊಂದನ್ನೂ ಹಿಂತಿರುಗಿಸಿದೆ. ಉಳಿಸಿಕೊಂಡ ಸ್ಕ್ರೂ ಪ್ರತಿಯ ಹೊರಮೈ ಸವೆದಿದ್ದರೂ ಗಾಜು ತಿಳಿಯಾಗಿದೆ.