ಅಪ್‌ಡೇಟ್: ಮಗಳು ಈಗ ಎರಡೂ ಕಾಲೆತ್ತಿ ಹಾರುತ್ತಾಳೆ!

ಜೂನ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ನಮ್ಮದು ಸೋಮವಾರಪೇಟೆ ಕಡೆ ತೋಟದ ಮನೆ. ಹೊರಗೆ ಮಳೆ, ಜಿಗಣೆ. ಮೂರೂವರೆ ವರ್ಷದ ಮಗಳು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತ್ತಾಳೆ, ಹಾರೋದೇ ಇಲ್ಲ, ಏನು ಮಾಡಲಿ ಅಂತ.

ನೀವು ಹೇಳಿದ ಹಾಗೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿದೆ. ತೊಂದರೆ ಏನಿಲ್ಲ, ಚೆನ್ನಾಗಿ ಆಡಿಸಿ ಅಂದರು. 3-4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಅದರ ಅರ್ಧವೂ ಆಗುತ್ತಿರಲಿಲ್ಲ.

ಆಮೇಲೆ ಅವಳ ಅಜ್ಜ ಖಾಲಿ ಕಾಫಿ ಗೋಣಿಗಳನ್ನು ಮಡಚಿ ಹಾಲ್‌ನಲ್ಲಿ ಸಾಲಾಗಿ ಇಟ್ಟರು. ಗೋಣಿ ಅಂದರೆ ಬಂಡೆ, ನಡುವೆ ಹೊಳೆ. ನುಣುಪು ನೆಲದಲ್ಲಿ ಗೋಣಿ ಜಾರುತ್ತೆ, ಅದಕ್ಕೇ ಅಂಚಿಗೆಲ್ಲ ಟೇಪ್ ಹಚ್ಚಿದೆವು, ಸಾಕ್ಸ್ ಬಿಚ್ಚಿಸಿ ಬರಿಗಾಲಲ್ಲೇ ಬಿಟ್ಟೆವು. ಮೊದಲೆಲ್ಲ ನನ್ನ ಎರಡೂ ಬೆರಳು ಹಿಡಿದು, ಮಂಡಿ ಬಗ್ಗಿಸಿ, ನಾಲಿಗೆ ಕಚ್ಚಿಕೊಂಡು ಸುಮ್ನೆ ನಿಲ್ಲುತ್ತಿದ್ದಳು. ಮೂರನೇ ವಾರ ಒಂದು ಬೆರಳು ಬಿಟ್ಟಳು. ಮಾರನೇ ದಿನ ಇನ್ನೊಂದನ್ನೂ ಬಿಟ್ಟು ಹಾರಿಯೇಬಿಟ್ಟಳು, ನನಗೆ ಕಣ್ಣಲ್ಲಿ ನೀರು ಬಂತು.

ಈಗ ಮಳೆ ಬಿಟ್ಟಾಗೆಲ್ಲ ಸಿಮೆಂಟ್ ಕಣದಲ್ಲಿ ಚೆಂಡು ಒದೆಯುತ್ತಾಳೆ, ಅಲ್ಲಿ ಜಿಗಣೆ ಕಾಟ ಇಲ್ಲ. ಮೆಟ್ಟಿಲು ಹತ್ತುವಾಗ ಕಾಲು ಬದಲಿಸುತ್ತಾಳೆ, ಇಳಿಯುವಾಗ ಇನ್ನೂ ಗೋಡೆ ಬೇಕು. ಒಂಟಿ ಕಾಲಲ್ಲಿ ಕುಂಟೋದು ಇನ್ನೂ ಬಂದಿಲ್ಲ, ಅದಕ್ಕೆ ಅವಸರ ಮಾಡಲ್ಲ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.