ಕ್ವಾಂಟಿಟೇಟಿವ್ ಮೆಥಡ್ಸ್ ಕಲಿಯಲು 10 ದಿನದ ಕೋರ್ಸ್‌ಗೆ ಹೋಗಬೇಕಾ, ಮನೆಯಲ್ಲೇ ಕಲಿಯಬಹುದಾ?

ತುಂಗಭದ್ರೆ_ಆಚೆ:
ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಎರಡನೇ ವರ್ಷ. ವಿಷಯ ಗೃಹಲಕ್ಷ್ಮಿ ಹಣ. ತಿಂಗಳಿಗೆ 2000 ರೂಪಾಯಿ ಹೆಂಗಸರ ಖಾತೆಗೆ ಬರಲು ಶುರುವಾದ ಮೇಲೆ ಮನೆ ಖರ್ಚಿನ ವಿಷಯದಲ್ಲಿ ಅವರ ಮಾತು ನಡೆಯುತ್ತಾ ಇಲ್ವಾ ಅಂತ ನೋಡಬೇಕು. ಕೊಪ್ಪಳ ಜಿಲ್ಲೆಯ ಎರಡು ತಾಲೂಕಿನಲ್ಲಿ ಸರ್ವೇ. ಗೈಡ್ ಹೇಳಿದ್ದು ಇಷ್ಟೇ: 384 ಸ್ಯಾಂಪಲ್ ತಗೋ, ಎಸ್‌ಪಿಎಸ್‌ಎಸ್‌ಗೆ (ಅಂಕಿಅಂಶ ಲೆಕ್ಕದ ಸಾಫ್ಟ್‌ವೇರ್) ಹಾಕು. ಗೃಹಲಕ್ಷ್ಮಿ ಬರುವವರು ಅರ್ಧ, ಬರದವರು ಅರ್ಧ ತಗೊಂಡು ಹೋಲಿಸೋಣ ಅಂತ ಪ್ಲಾನ್ ಇದೆ.

ನನ್ನದು ಎಂಎ ತನಕ ಕನ್ನಡ ಮೀಡಿಯಂ, ಗಣಿತ ಎಸ್ಸೆಸ್ಸೆಲ್ಸಿಗೇ ನಿಂತಿದೆ. ಕೋರ್ಸ್‌ವರ್ಕ್‌ನಲ್ಲಿ ಮೆಥಡಾಲಜಿ ಪೇಪರ್ ಪಾಸಾಗಿದೆ, ಆದರೆ ಕೈಗೆ ಡೇಟಾ ಕೊಟ್ಟರೆ ಏನು ಮಾಡಬೇಕು ಗೊತ್ತಿಲ್ಲ. ಐಸಿಎಸ್‌ಎಸ್‌ಆರ್‌ನ (ಸಮಾಜ ವಿಜ್ಞಾನ ಸಂಶೋಧನೆಯ ಕೇಂದ್ರ ಮಂಡಳಿ) 10 ದಿನದ ಕೋರ್ಸ್‌ಗಳ ಪೋಸ್ಟರ್ ವಾಟ್ಸಾಪ್‌ನಲ್ಲಿ ಬರುತ್ತಾನೇ ಇರುತ್ತವೆ. ಹೋದವರು ಯಾರಾದರೂ ಇದ್ದೀರಾ? ಪ್ರಯೋಜನ ಇದೆಯಾ, ಇಲ್ಲಾ ಬರೀ ಸರ್ಟಿಫಿಕೇಟಾ?

ಮಲೆನಾಡ_ಮೇಷ್ಟ್ರು:
ಹೋಗಿ ಮೇಡಂ, ಆದರೆ ಮೊದಲು ಟೈಮ್‌ಟೇಬಲ್ ತರಿಸಿಕೊಂಡು ನೋಡಿ. ಈ ಕೋರ್ಸ್‌ಗಳೆಲ್ಲ ಹೆಸರಿಗೆ ಒಂದೇ, ಒಳಗೆ ಒಂದೊಂದು ಥರ. ನಡೆಸುವ ವಿಭಾಗ ಯಾವುದು, ಕೋ-ಆರ್ಡಿನೇಟರ್ ಸ್ವತಃ ಡೇಟಾ ಮುಟ್ಟಿದವರಾ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಾನು ಹೋಗಿದ್ದ ಒಂದರಲ್ಲಿ (ಹೆಸರು ಬೇಡ) ಉದ್ಘಾಟನೆ, ಶಾಲು, ಗ್ರೂಪ್ ಫೋಟೋಗೆ ಮೊದಲ ದಿನ ಹೋಯಿತು, ಸಮಾರೋಪಕ್ಕೆ ಕೊನೇ ದಿನ. ನಡುವೆ ಒಬ್ಬೊಬ್ಬ ರಿಸೋರ್ಸ್ ಪರ್ಸನ್ ಬಂದು ಪಿಪಿಟಿ ಓದಿ ಹೋದರು, ಹಿಂದಿನವರು ಏನು ಹೇಳಿದ್ದಾರೆ ಅಂತ ಮುಂದಿನವರಿಗೆ ಗೊತ್ತಿರಲಿಲ್ಲ, ಹಾಗಾಗಿ ಪ್ರೈಮರಿ ಡೇಟಾ ಅಂದರೇನು ಸೆಕೆಂಡರಿ ಅಂದರೇನು ಅಂತ ಮತ್ತೆ ಮತ್ತೆ ಕೇಳಿಸಿಕೊಂಡೆವು. ಊಟ ಮಾತ್ರ ಚೆನ್ನಾಗಿತ್ತು.

ಟೈಮ್‌ಟೇಬಲ್‌ನಲ್ಲಿ ನಾನು ನೋಡುವುದು ಎರಡೇ. ಮಧ್ಯಾಹ್ನ ಪೂರ್ತಿ ಲ್ಯಾಬ್ ಇದೆಯಾ? ಒಬ್ಬರೇ ಮೇಷ್ಟ್ರು ಕಡೇ ಪಕ್ಷ ಮೂರು ದಿನ ಸತತವಾಗಿ ಪಾಠ ಮಾಡುತ್ತಾರಾ? ಎರಡೂ ಇಲ್ಲ ಅಂದರೆ ಬಿಟ್ಟುಬಿಡಿ. ದೆಹಲಿಯ ಸಂಶೋಧನಾ ಸಂಸ್ಥೆ ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗದವರು ತಮ್ಮದೇ ಚುನಾವಣಾ ಸಮೀಕ್ಷೆಯ ಡೇಟಾ ಇಟ್ಟುಕೊಂಡು ಬೇಸಿಗೆ ಕಾರ್ಯಾಗಾರ ನಡೆಸುತ್ತಾರೆ, ಬೆಂಗಳೂರಿನಲ್ಲೂ ನಡೆಸಿದ್ದಾರೆ, ಪ್ರಕಟಣೆ ಬಂದರೆ ಬಿಡಬೇಡಿ. ನಾಗರಭಾವಿಯ ಐಸೆಕ್ (ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ), ಮುಂಬೈಯ ಐಐಪಿಎಸ್ (ಜನಸಂಖ್ಯಾ ಅಧ್ಯಯನ ಸಂಸ್ಥೆ) ಕಡೆಗೂ ಒಂದು ಕಣ್ಣಿರಲಿ, ಅಲ್ಲಿ ದಿನಾ ಡೇಟಾ ಜೊತೆಗೇ ಬದುಕುವವರು ಇದ್ದಾರೆ.

ಗಣತಿ_ಗೌಡ:
ಕೋರ್ಸ್ ಮಾತು ಆಮೇಲೆ. ಆ 384 ಬಗ್ಗೆ ಮೊದಲು ಮಾತಾಡೋಣ, ಯಾಕಂದ್ರೆ ಅರ್ಧ ಕರ್ನಾಟಕದ ಥೀಸಿಸ್‌ಗಳು ಅದೇ ಸಂಖ್ಯೆ ಮೇಲೆ ಕೂತಿವೆ.

ಅದು ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಸ್ಯಾಂಪಲ್ ಗಾತ್ರದ ಟೇಬಲ್‌ನಿಂದ ಬಂದಿದ್ದು. ಲೆಕ್ಕ ಸುಲಭ. ಶೇ 95ರಷ್ಟು ಭರವಸೆಗೆ ಬಳಸುವ ಸಂಖ್ಯೆ 1.96, ಅದರ ವರ್ಗ 3.84, ಅದನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿ, 384 ಬರುತ್ತದೆ. ಅಂದರೆ ತುಂಬಾ ದೊಡ್ಡ ಜನಸಂಖ್ಯೆಯಲ್ಲಿ ಚೀಟಿ ಎತ್ತಿದ ಹಾಗೆ ಜನರನ್ನು ಆರಿಸಿದರೆ, ಒಂದು ಶೇಕಡಾವಾರನ್ನು 5 ಪಾಯಿಂಟ್ ಹೆಚ್ಚುಕಡಿಮೆಯಲ್ಲಿ ಹೇಳಲು ಅಷ್ಟು ಸಾಕು. ನೀವು ಚೀಟಿ ಎತ್ತಲ್ಲ, ಅಲ್ವಾ? ಕೆಲವು ಊರು ಆರಿಸಿ ಒಂದೊಂದು ಊರಲ್ಲಿ 20 ಮನೆ ಮಾಡುತ್ತೀರಿ. ಒಂದೇ ಊರಿನವರು ಎಷ್ಟೋ ವಿಷಯದಲ್ಲಿ ಒಂದೇ ಥರ ಇರುತ್ತಾರೆ. ಸೊನ್ನೆಯಿಂದ ಒಂದರ ಅಳತೆಯಲ್ಲಿ ಆ ಹೋಲಿಕೆ ಬರೀ 0.05 ಇದ್ದರೂ ಡಿಸೈನ್ ಎಫೆಕ್ಟ್ (ಹೀಗೆ ಊರೂರಲ್ಲಿ ಗುಂಪಾಗಿ ಆರಿಸಿದ್ದರಿಂದ ಸ್ಯಾಂಪಲ್ ಎಷ್ಟು ಪಟ್ಟು ಸೊರಗುತ್ತದೆ ಅನ್ನೋದು) 1 + 19 × 0.05, ಅಂದರೆ 1.95; 19 ಅಂದರೆ ಊರಿನ 20 ಮನೆಯಲ್ಲಿ ಒಂದು ಕಮ್ಮಿ. ನಿಮ್ಮ 384 ಮನೆ ಸುಮಾರು 197 ಮನೆಯಷ್ಟೇ ಕೆಲಸ ಮಾಡುತ್ತವೆ. ಊರು ಜಾಸ್ತಿ ಮಾಡಿ, ಊರಿಗೆ ಮನೆ ಕಮ್ಮಿ ಮಾಡಿ. ಬಸ್ ಖರ್ಚು ಏರುತ್ತದೆ, ಏನೂ ಮಾಡಕ್ಕಾಗಲ್ಲ. ಇನ್ನು ಗೂಗಲ್ ಫಾರ್ಮ್ ಹಂಚಿ 384 ತುಂಬಿಸುವವರು ಇದ್ದಾರಲ್ಲ, ಅವರಿಗೆ ಆ ಸಂಖ್ಯೆಯಿಂದ ಯಾವ ರಕ್ಷಣೆಯೂ ಇಲ್ಲ.

ಇದಕ್ಕಿಂತ ದೊಡ್ಡ ತೊಂದರೆ ನಿಮ್ಮ ಹೋಲಿಕೆಯಲ್ಲಿದೆ. ಗೃಹಲಕ್ಷ್ಮಿ ಬರದವರು ಯಾರು? ಆಕೆ ಅಥವಾ ಗಂಡ ಇನ್‌ಕಮ್ ಟ್ಯಾಕ್ಸ್ ಕಟ್ಟುವ, ಜಿಎಸ್‌ಟಿ ರಿಟರ್ನ್ ಹಾಕುವ ಮನೆಯವರು. ಇಲ್ಲಾ ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಅಂತ ಹೆಸರಿಲ್ಲದವರು. ಒಬ್ಬರು ಅನುಕೂಲಸ್ಥರು, ಇನ್ನೊಬ್ಬರು ಬಹುಶಃ ಅತ್ತೆ ಕೈಕೆಳಗಿನ ಸೊಸೆ. ಮಾತು ನಡೆಯುತ್ತಾ ಅಂತ ಕೇಳಿದರೆ ವ್ಯತ್ಯಾಸ ಬಂದೇ ಬರುತ್ತದೆ, ಅದು 2000 ರೂಪಾಯಿಯಿಂದಲ್ಲ. ಎಸ್‌ಪಿಎಸ್‌ಎಸ್ ಮಾತ್ರ ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ (ವ್ಯತ್ಯಾಸ ಬರೀ ಆಕಸ್ಮಿಕ ಇರಲಾರದು) ಅಂತ ತೋರಿಸಿ ಸುಮ್ನೆ ಇರುತ್ತದೆ.

ಕೋರ್ಸ್‌ನಲ್ಲಿ ಕಲಿಯಬೇಕಾದದ್ದು ಇದನ್ನು. ಮೆನು ಎಲ್ಲಿದೆ, ಯಾವ ಬಟನ್ ಒತ್ತಬೇಕು ಅನ್ನೋದನ್ನು ಯೂಟ್ಯೂಬ್ ಹೇಳಿಕೊಡುತ್ತದೆ.

ರೈನ್_ದಂಡೆ:
ಗೌಡ್ರು ಹೇಳಿದ್ದು ಸರಿ. ನಾನು ಧಾರವಾಡದವಳು, ಈಗ ಜರ್ಮನಿಯಲ್ಲಿ ಇದ್ದೇನೆ. ಇಲ್ಲಿ ಗೆಸಿಸ್ ಅನ್ನುವ ಸಂಸ್ಥೆ ಕೊಲೋನ್‌ನಲ್ಲಿ ಸರ್ವೇ ವಿಧಾನದ್ದೇ ಬೇಸಿಗೆ ಶಾಲೆ ನಡೆಸುತ್ತದೆ. ಒಂದು ಕೋರ್ಸ್‌ಗೆ ಒಂದೇ ವಿಷಯ, ಪ್ರಶ್ನಾವಳಿ ಬರೆಯುವುದು ಅಂದರೆ ವಾರವಿಡೀ ಅದೇ. ಬ್ರಿಟನ್ನಿನ ಎಸೆಕ್ಸ್‌ನಲ್ಲಿ 1968ರಿಂದ, ಅಮೆರಿಕದ ಮಿಶಿಗನ್‌ನಲ್ಲಿ ಐಸಿಪಿಎಸ್‌ಆರ್ ಅನ್ನುವ ಡೇಟಾ ಸಂಗ್ರಹ ಸಂಸ್ಥೆಯವರು 1963ರಿಂದ ಇಂಥ ಶಾಲೆ ನಡೆಸುತ್ತಿದ್ದಾರೆ. ಫೀಸ್ ನೋಡಿದರೆ ಎದೆ ಝಲ್ ಅನ್ನುತ್ತದೆ, ಸ್ಕಾಲರ್‌ಶಿಪ್ ಇಲ್ಲದೆ ಯೋಚನೆ ಬೇಡ. ಆದರೆ ಆ ಪದ್ಧತಿಯನ್ನು ನೀವು ಮನೆಯಲ್ಲೂ ಮಾಡಬಹುದು. ಹತ್ತು ದಿನದಲ್ಲಿ ಹತ್ತು ವಿಷಯದ ಹಿಂದೆ ಓಡುವ ಬದಲು ಒಂದೇ ಹಿಡಿಯಿರಿ. ನಿಮಗೆ ಈಗ ಬೇಕಿರುವುದು ಸ್ಯಾಂಪ್ಲಿಂಗ್ ಮತ್ತು ರಿಗ್ರೆಷನ್ (ಬೇರೆ ಬೇರೆ ಅಂಶಗಳ ಜೊತೆ ಒಂದು ಫಲಿತಾಂಶ ಹೇಗೆ ಬದಲಾಗುತ್ತದೆ ಅಂತ ಅಳೆಯುವುದು). ಫ್ಯಾಕ್ಟರ್ ಅನಾಲಿಸಿಸ್ ಎಲ್ಲಾ ಸದ್ಯಕ್ಕೆ ಬೇಡ.

ಅಭ್ಯಾಸಕ್ಕೆ ಐಎಚ್‌ಡಿಎಸ್ (ದೇಶದ ಮನೆಗಳ ದೊಡ್ಡ ಸಮೀಕ್ಷೆ) ಡೇಟಾ ತಗೊಳ್ಳಿ. ಅಮೆರಿಕದ ಮೇರಿಲ್ಯಾಂಡ್ ವಿವಿ ಮತ್ತು ದೆಹಲಿಯ ಎನ್‌ಸಿಎಇಆರ್ ಸಂಸ್ಥೆ ಸೇರಿ 2004-05ರಲ್ಲಿ 41,554 ಮನೆ ಮಾಡಿದ್ದಾರೆ, 2011-12ರಲ್ಲಿ ಬಹುಪಾಲು ಅವೇ ಮನೆಗಳಿಗೆ ಮತ್ತೆ ಹೋಗಿದ್ದಾರೆ. ಪುಕ್ಕಟೆ ಡೌನ್‌ಲೋಡ್ ಆಗುತ್ತದೆ. ಮನೆಯಲ್ಲಿ ಯಾವುದನ್ನು ಯಾರು ತೀರ್ಮಾನಿಸುತ್ತಾರೆ ಅಂತ ಹೆಂಗಸರನ್ನೇ ಕೇಳಿದ ಪ್ರಶ್ನೆಗಳಿವೆ, ನಿಮ್ಮ ಪ್ರಶ್ನಾವಳಿಗೂ ಉಪಯೋಗ. ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡಿ, ಆರ್ (R) ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಸರ್ವೇ ಅಂತಲೇ ಪ್ಯಾಕೇಜ್ ಇದೆ.

ತುಂಗಭದ್ರೆ_ಆಚೆ:
ಗೌಡ್ರೇ, ನಿಮ್ಮ ಎರಡನೇ ಪಾಯಿಂಟ್ ಓದಿ ಕೈಕಾಲು ತಣ್ಣಗಾಯಿತು. ಸಿನಾಪ್ಸಿಸ್ ಆಗಲೇ ಕೊಟ್ಟಾಗಿದೆ. ಈಗ ಬದಲಿ ದಾರಿ ಏನಾದರೂ ಇದೆಯಾ? ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು) ಜೊತೆ ಹೋಲಿಸಬಹುದಾ? ಗೈಡ್‌ಗೆ ಏನು ಹೇಳಲಿ?

ಗಣತಿ_ಗೌಡ:
ಗಾಬರಿ ಬೇಡ, ಶೀರ್ಷಿಕೆ ಹಾಗೇ ಇರಲಿ. ಬಂದವರು ಬರದವರು ಅನ್ನೋದನ್ನು ಕೈಬಿಟ್ಟು ಹಣ ಪಡೆಯುವವರ ಒಳಗೇ ನೋಡಿ. ಖಾತೆ ಯಾರ ಕೈಯಲ್ಲಿದೆ, ಬ್ಯಾಂಕಿಗೆ ಯಾರು ಹೋಗುತ್ತಾರೆ, ಆಕೆಗೆ ಮೊದಲಿನಿಂದ ಬೇರೆ ದುಡಿಮೆ ಇತ್ತಾ, ಎಷ್ಟು ಕಂತು ತಡವಾಗಿ ಬಂತು. ಇದರಿಂದ "ಗೃಹಲಕ್ಷ್ಮಿಯಿಂದ ಹೀಗಾಯಿತು" ಅಂತ ಹೇಳಲು ಆಗಲ್ಲ, ಯಾರ ಮನೆಯಲ್ಲಿ ಹಣ ಆಕೆಯ ಕೈಗೆ ಸಿಕ್ಕಿತು ಅಂತ ಹೇಳಬಹುದು. ಅದೇನೂ ಸಣ್ಣ ವಿಷಯ ಅಲ್ಲ.

ಎನ್‌ಎಫ್‌ಎಚ್‌ಎಸ್-5 ನಮ್ಮ ರಾಜ್ಯದಲ್ಲಿ ಆಗಿದ್ದು 2019ರಲ್ಲಿ, ಯೋಜನೆ ಬಂದಿದ್ದು 2023 ಆಗಸ್ಟ್‌ನಲ್ಲಿ. ನಡುವೆ ಕೊರೋನಾ ಬಂದು ಹೋಗಿದೆ, ಹಾಗಾಗಿ ನೇರ ಹೋಲಿಕೆ ಬೇಡ. ತೀರ್ಮಾನದ ಪ್ರಶ್ನೆಗಳನ್ನು ಅದರಲ್ಲಿ ಎಲ್ಲ ಮನೆಯಲ್ಲೂ ಕೇಳಿಲ್ಲ, ಒಂದು ಭಾಗದಲ್ಲಿ ಮಾತ್ರ, ಕೊಪ್ಪಳಕ್ಕೇ ಅಂತ ನಂಬುವಂಥ ಅಂಕಿ ಸಿಗಲ್ಲ. ರಾಜ್ಯದ ಅಂಕಿ ಹಿನ್ನೆಲೆಗೆ ಹಾಕಿ. ಮೂಲ ಡೇಟಾ ಮುಟ್ಟಿದರೆ ವೇಟ್ (ಸ್ಯಾಂಪಲ್ ಜನಸಂಖ್ಯೆಗೆ ಹೊಂದುವಂತೆ ಕೊಟ್ಟ ತೂಕ) ಹಾಕೋದು ಮರೀಬೇಡಿ, ಆ ಕಾಲಂ ಅನ್ನು 10 ಲಕ್ಷದಿಂದ ಭಾಗಿಸಿ ಬಳಸಬೇಕು.

ಗೈಡ್‌ಗೆ 197ರ ಲೆಕ್ಕ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಒಪ್ಪದಿದ್ದರೆ ಇಲ್ಲಿ ಬಂದು ಹೇಳಿ, ನೋಡೋಣ.

ಮಲೆನಾಡ_ಮೇಷ್ಟ್ರು:
ಕೋರ್ಸ್ ಅರ್ಜಿಯಲ್ಲಿ "ಯಾಕೆ ಬರುತ್ತೀರಿ" ಅಂತ ಕೇಳಿದರೆ ಗೌಡ್ರು ಬರೆದ ಆ ಎರಡನೇ ತೊಂದರೆಯನ್ನೇ ನಿಮ್ಮ ಮಾತಲ್ಲಿ ಬರೆಯಿರಿ. ಸೀಟು ಸಿಗುತ್ತದೆ.