ಮಗಳಿಗೆ ಆಸಕ್ತಿಯಿದೆ, ಧೈರ್ಯವಿಲ್ಲ: ತಂದೆಯಾಗಿ ಏನು ಮಾಡಲಿ?

ಪ್ರಶ್ನೆ (ಸಿಂಧನೂರು): ನನ್ನದು ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ. ಹತ್ತನೇ ತರಗತಿಯಲ್ಲಿರುವ ಮಗಳು ಸಂಜೆ ಅಂಗಡಿಗೆ ಬಂದು, ಸುಟ್ಟ ಕಾಯಿಲ್ ಬಿಚ್ಚಿ, ಸುತ್ತುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆದರೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾತೆತ್ತಿದರೆ, "ನನ್ನಿಂದ ಆಗಲಿಕ್ಕಿಲ್ಲಪ್ಪ" ಎನ್ನುತ್ತಾಳೆ. ನಾವು ಎಂದೂ ಒತ್ತಾಯ ಮಾಡಿದವರಲ್ಲ. ಇಷ್ಟವಾದದ್ದನ್ನು ಓದು ಎಂದೇ ಹೇಳುತ್ತ ಬಂದಿದ್ದೇವೆ. ಎಲ್ಲಿ ಕೊರತೆಯಾಗಿದೆ?

ಉತ್ತರ (ಪ್ರೌಢಶಾಲಾ ಶಿಕ್ಷಕ, ಲಿಂಗಸುಗೂರು): ಸರ್, ಒತ್ತಾಯ ಮಾಡದಿರುವುದು ದೊಡ್ಡ ಗುಣ, ಆದರೆ ಬೆಂಬಲ ಅಷ್ಟಕ್ಕೇ ಮುಗಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದಂತೆ, "ನನ್ನಿಂದ ಆಗುತ್ತದೆ" ಎಂಬ ನಂಬಿಕೆಗೆ ಇತರರ ಹೊಗಳಿಕೆಗಿಂತ ಕೆಲಸವೊಂದನ್ನು ತಾನೇ ಮಾಡಿ ಗೆದ್ದ ಅನುಭವ ಹೆಚ್ಚು ಬಲ ಕೊಡುತ್ತದೆ. 1994ರಲ್ಲಿ ಲೆಂಟ್, ಬ್ರೌನ್ ಮತ್ತು ಹ್ಯಾಕೆಟ್ ಎಂಬ ಸಂಶೋಧಕರು ಇದೇ ವಿಚಾರವನ್ನು ವೃತ್ತಿಯ ಆಯ್ಕೆಗೆ ಅನ್ವಯಿಸಿ, ಆಸಕ್ತಿ ಬೇರೂರುವುದಕ್ಕೂ ಆ ನಂಬಿಕೆ ಬೇಕೆಂದರು. ಹಾಗಾಗಿ ಕೇಳುತ್ತೇನೆ: ಕೊನೆಯ ಜೋಡಣೆಯನ್ನು ಯಾರು ಮಾಡುತ್ತಾರೆ? ಮೋಟಾರು ಓಡಿದಾಗ ಗಿರಾಕಿಗೆ ಯಾರ ಹೆಸರು ಹೇಳುತ್ತೀರಿ?

ಉತ್ತರ (ರಾಯಚೂರು): ನಾನು ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಿದವಳು. ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೂ ಅರ್ಜಿ ಹಾಕುವ ಮುಂಚೆ ಒಂದು ದಿನದ ಕೂಲಿ ಬಿಟ್ಟು, ನನ್ನನ್ನು ಪಾಲಿಟೆಕ್ನಿಕ್‌ಗೆ ಕರೆದುಕೊಂಡು ಹೋಗಿ, ಲ್ಯಾಬ್ ಬಾಗಿಲಲ್ಲಿ ನಿಂತು, "ಇಲ್ಲಿ ಹುಡುಗಿಯರು ಅದಾರೇನ್ರಿ?" ಎಂದು ಕೇಳಿದರು. ಒಳಗಿದ್ದ ಹಿರಿಯ ವಿದ್ಯಾರ್ಥಿನಿ ಬಂದು ಅರ್ಧ ಗಂಟೆ ಮಾತನಾಡಿದ ಮೇಲೆ ನನ್ನ ಭಯ ಎಷ್ಟೋ ಇಳಿಯಿತು. ನೀವೂ ಒಮ್ಮೆ ಕರೆತನ್ನಿ ಅಣ್ಣಾ. ಕಲ್ಯಾಣ ಕರ್ನಾಟಕದ ಸ್ಥಳೀಯರೆಂದು ತೋರಿಸುವ 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ; ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು ಮೀಸಲಿವೆ.

ಪ್ರಶ್ನೆ ಕೇಳಿದವರು: ಶಿಕ್ಷಕರ ಮಾತು ನನಗೆ ನಾಟಿತು. ಶಾಕ್ ಹೊಡೆದೀತೆಂಬ ಭಯಕ್ಕೆ ಕೊನೆಯ ಜೋಡಣೆಯನ್ನು ನಾನೇ ಮಾಡುತ್ತಿದ್ದೆ. ಗಿರಾಕಿಗಳೆದುರು ಅವಳ ಹೆಸರು ಹೇಳಿದ್ದೇ ಇಲ್ಲ. ನಿನ್ನೆ ಬಂದ ಐದು ಎಚ್‌ಪಿ ಮೋಟಾರನ್ನು ಬಿಚ್ಚುವುದರಿಂದ ಜೋಡಿಸುವವರೆಗೆ ಅವಳಿಗೇ ಒಪ್ಪಿಸಿದ್ದೇನೆ. ಕರೆಂಟ್ ಕೊಡುವಾಗ ಮಾತ್ರ ಪಕ್ಕದಲ್ಲಿ ನಿಲ್ಲುತ್ತೇನೆ. ರಾಯಚೂರಿಗೆ ಮುಂದಿನ ವಾರ ಬರುತ್ತೇವೆ, ತಂಗೀ.